ಕೆಮಿಕಲ್ ಸ್ಪ್ರೇಯರ್‌ನ ವಾಲ್ವ್ ನಾನು ಸರಿ ಮಾಡುವುದು ಹೀಗೆ

ಕಾರ್ಪೆಟ್ ತೊಳೆಯುವವರಿಗೆ ದೊಡ್ಡ ಮೆಷಿನ್‌ಗಿಂತ ಜಾಸ್ತಿ ಕಾಟ ಕೊಡುವುದು ಕೆಮಿಕಲ್ ಹೊಡೆಯುವ ಸ್ಪ್ರೇಯರ್. ಅದರಲ್ಲೂ ವಾಲ್ವ್. ಬೆಂಗಳೂರಿನ ಆಫೀಸು, ಹೋಟೆಲುಗಳಲ್ಲಿ ನಾನು ಈ ಕೆಲಸ ಮಾಡುತ್ತೇನೆ. ಸೋರುವ ಸ್ಪ್ರೇಯರ್ ಎಸೆದು ಹೊಸದು ತರುವವರೇ ಹೆಚ್ಚು. ಎಷ್ಟೋ ಸಲ ಹಾಳಾಗಿರುವುದು ಒಂದು ಸಣ್ಣ ರಬ್ಬರ್ ಅಷ್ಟೇ.

ಬಿಚ್ಚುವ ಮೊದಲು ಟ್ಯಾಂಕ್ ತೊಳೆದು, ಬರೀ ನೀರು ತುಂಬಿ ಪಂಪ್ ಹೊಡೆದು ನೋಡುತ್ತೇನೆ. ಹ್ಯಾಂಡಲ್ ತಾನಾಗಿ ಮೇಲೇಳುತ್ತಿದೆಯಾ? ಪಂಪಿನ ತಳದ ಚೆಕ್ ವಾಲ್ವ್ ಹೋಗಿದೆ. ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದ ರಬ್ಬರ್ ಬಿಲ್ಲೆ ಅದು. ಎಷ್ಟು ಒತ್ತಿದರೂ ಪ್ರೆಷರ್ ಏರದಿದ್ದರೆ ಮೊದಲು ಪಂಪಿನ ವಾಷರ್ ಮೇಲೆ ಅನುಮಾನ. ಟ್ರಿಗರ್ ಬಿಟ್ಟ ಮೇಲೂ ನಾಝಲ್‌ನಿಂದ ಹನಿ ಬಿದ್ದರೆ ವಾಲ್ವಿನ ಸೀಟಲ್ಲಿ, ಅಂದರೆ ವಾಲ್ವ್ ಮುಚ್ಚಿ ಕೂರುವ ಜಾಗದಲ್ಲಿ, ಕಸ ಕೂತಿದೆ, ಇಲ್ಲಾ ಸೀಟೇ ಸವೆದಿದೆ. ಟ್ರಿಗರ್ ಹಿಡಿದ ಕೈ ಒದ್ದೆಯಾದರೆ ಒಳಗಿನ ಕಡ್ಡಿಯ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ನೋಡಬೇಕು. ಹನಿ ತಾನೇ ಅಂತ ಬಿಡಬಾರದು. ಬಿದ್ದ ಜಾಗದಲ್ಲಿ ಕೆಮಿಕಲ್ ಉಳಿದರೆ ಅಂಟು ಅಂಟಾಗಿ ಅಲ್ಲೇ ಮತ್ತೆ ಕೊಳೆ ಹಿಡಿಯುತ್ತದೆ.

ಪ್ರೆಷರ್ ಪೂರ್ತಿ ಬಿಟ್ಟು, ಕನ್ನಡಕ, ಗ್ಲೌಸ್ ಹಾಕಿಕೊಂಡೇ ಬಿಚ್ಚುತ್ತೇನೆ. ಪ್ರತಿ ಭಾಗ ಬಿಚ್ಚಿದಾಗಲೂ ಮೊಬೈಲಲ್ಲಿ ಫೋಟೋ. ಸ್ಪ್ರಿಂಗ್ ಯಾವ ಕಡೆ ಇತ್ತು ಅನ್ನುವುದು ಆಮೇಲೆ ನೆನಪಿರುವುದಿಲ್ಲ.

ಒಳಗೆ ಬಿಳಿ ಹರಳು ಕಟ್ಟಿರುವುದು ಸಾಮಾನ್ಯ. ಕಾರ್ಪೆಟ್‌ಗೆ ಮೊದಲು ಹೊಡೆಯುವ ಕೆಮಿಕಲ್‌ಗಳಲ್ಲಿ ಹೆಚ್ಚಿನವು ಕ್ಷಾರ. ಒಣಗಿದರೆ ಉಪ್ಪಿನಂತೆ ಕೂರುತ್ತವೆ. ನಮ್ಮ ಬೋರ್‌ವೆಲ್ ಗಡಸು ನೀರು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಉಗುರುಬೆಚ್ಚಗಿನ ನೀರಿಗೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಹಾಕಿ ನೆನೆಸಿದರೆ ಕರಗುತ್ತದೆ. ಟ್ಯಾಂಕಲ್ಲಿ ಮೊದಲು ಬ್ಲೀಚ್ ಇದ್ದರೆ ಚೆನ್ನಾಗಿ ತೊಳೆಯದೆ ಆಸಿಡ್ ಮುಟ್ಟಿಸಲೇಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ.

ಇನ್ನು ರಬ್ಬರ್. ಅಸಲಿ ವಿಷಯ ಇದೇ. ಅಂಗಡಿಯಲ್ಲಿ ಅಳತೆ ಒಂದೇ ಅಂತ ಕೈಗೆ ಸಿಕ್ಕ ಕಪ್ಪು ಓ-ರಿಂಗ್ ಕೊಡುತ್ತಾರೆ. ಅಳತೆಯಷ್ಟೇ ಮುಖ್ಯ ಅದು ಯಾವ ರಬ್ಬರ್ ಅನ್ನುವುದು. ಕ್ಷಾರದ ಕೆಮಿಕಲ್‌ಗೆ ಇಪಿಡಿಎಂ ಅನ್ನುವ ರಬ್ಬರ್ ಚೆನ್ನಾಗಿ ಬಾಳುತ್ತದೆ. ಆದರೆ ಕಿತ್ತಳೆ ಸಿಪ್ಪೆ ಎಣ್ಣೆಯ ಸಾಲ್ವೆಂಟ್ ತಗುಲಿದರೆ ಅದೇ ಇಪಿಡಿಎಂ ಊದಿಕೊಂಡು ಟ್ರಿಗರ್ ಬಿಗಿಯಾಗುತ್ತದೆ. ಅಲ್ಲಿ ವಿಟಾನ್ ಅನ್ನುವ ಇನ್ನೊಂದು ರಬ್ಬರ್ ಬೇಕು. ವಿಟಾನ್ ದುಬಾರಿ, ಆದರೂ ಎರಡೂ ಬಗೆ ಬಳಸುವ ಸ್ಪ್ರೇಯರ್‌ಗೆ ನಾನು ಅದನ್ನೇ ಹಾಕುತ್ತೇನೆ. ಅಸಿಟೋನ್ ಇರುವ ಕೆಮಿಕಲ್‌ಗೆ, ತುಂಬಾ ಗಾಢವಾದ ಕ್ಷಾರಕ್ಕೆ ಅದು ಆಗುವುದಿಲ್ಲ.

ಎಸ್‌ಜೆಪಿ ರಸ್ತೆಯ ಕಡೆ ಹುಡುಕಿದರೆ ಬಿಡಿ ಓ-ರಿಂಗ್ ಸಿಗುತ್ತವೆ. ವಿಟಾನ್ ಅಂತ ಕೊಟ್ಟರೆ ಬಣ್ಣ ನೋಡಿ ನಂಬುವುದಿಲ್ಲ, ಅದು ಕಂದು, ಹಸಿರು, ಕಪ್ಪು ಎಲ್ಲದರಲ್ಲೂ ಬರುತ್ತದೆ. ಅದೇ ಅಳತೆಯ ಬೇರೆ ರಬ್ಬರ್‌ಗಿಂತ ತೂಕ ಜಾಸ್ತಿ ಇರಬೇಕು. ಅದಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದಿದೆ. ಒಂದು ರಿಂಗನ್ನು ನಾನು ಬಳಸುವ ಕೆಮಿಕಲ್‌ನಲ್ಲೇ ರಾತ್ರಿಯಿಡೀ ಮುಳುಗಿಸಿ, ಬೆಳಗ್ಗೆ ಹೊಸ ರಿಂಗಿನ ಪಕ್ಕ ಇಟ್ಟು ನೋಡುತ್ತೇನೆ. ಊದಿದ್ದರೆ, ಮೆತ್ತಗಾಗಿದ್ದರೆ ಬೇಡ. ಅಳತೆಗೆ ಹಳೇ ರಿಂಗ್ ನಂಬಬೇಡಿ, ಅದು ಆಗಲೇ ಊದಿರಬಹುದು. ಅದು ಕೂರುವ ತೋಡನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ.

ಜೋಡಿಸುವಾಗ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರುತ್ತೇನೆ. ವ್ಯಾಸಲೀನ್ ಬೇಡ, ಅದೂ ಪೆಟ್ರೋಲಿಯಂ, ಇಪಿಡಿಎಂ ಅದಕ್ಕೂ ಊದುತ್ತದೆ. ಪ್ಲಾಸ್ಟಿಕ್ ತಿರುಪುಗಳನ್ನು ಕೈಯಲ್ಲೇ ಬಿಗಿ ಮಾಡುತ್ತೇನೆ, ಸ್ಪ್ಯಾನರ್ ಹಾಕಿದರೆ ಬಿರುಕು ಬಿಡುತ್ತವೆ.

ಪ್ರೆಷರ್ ಹೊರಬಿಡುವ ಸೇಫ್ಟಿ ವಾಲ್ವ್ ಒಂದನ್ನು ರಿಪೇರಿ ಮಾಡುವುದಿಲ್ಲ, ಹೊಸದೇ ಹಾಕುತ್ತೇನೆ. ಪೆರಾಕ್ಸೈಡ್ ಬೆರೆಸಿದ ಕೆಮಿಕಲ್ ಮುಚ್ಚಿದ ಟ್ಯಾಂಕಿನಲ್ಲಿ ಉಳಿದರೆ ಆಕ್ಸಿಜನ್ ಬಿಡುತ್ತಾ ಪ್ರೆಷರ್ ತಾನಾಗಿ ಏರುತ್ತದೆ. ಆಗ ಟ್ಯಾಂಕ್ ಸಿಡಿಯದಂತೆ ತಡೆಯುವುದು ಆ ವಾಲ್ವ್ ಒಂದೇ. ಟ್ಯಾಂಕಿನಲ್ಲೇ ಬಿರುಕು ಕಂಡರೆ ವಾಲ್ವ್ ಎಷ್ಟೇ ಚೆನ್ನಾಗಿರಲಿ, ಆ ಸ್ಪ್ರೇಯರ್ ಮತ್ತೆ ಕೆಲಸಕ್ಕೆ ಒಯ್ಯುವುದಿಲ್ಲ.