ಒಂದು ಹಲ್ಲು ಹಿಂದಿತ್ತು: ನಮ್ಮ ಝೆನ್‌ನ ಟೈಮಿಂಗ್ ಬೆಲ್ಟ್

ನಮ್ಮ ಮನೆಯ ಮಾರುತಿ ಝೆನ್ 1998ರದ್ದು. 993 ಸಿಸಿ, ಕಾರ್ಬ್ಯುರೇಟರ್ ಗಾಡಿ. ಅಪ್ಪ ತಗೊಂಡಿದ್ದು, ಈಗ ನಾನು ಓಡಿಸುತ್ತೇನೆ. ಟೈಮಿಂಗ್ ಬೆಲ್ಟ್ ಅಂದರೆ ಕೆಳಗೆ ಪಿಸ್ಟನ್‌ಗಳಿಂದ ತಿರುಗೋ ಕ್ರ್ಯಾಂಕ್ ಶಾಫ್ಟನ್ನೂ ಮೇಲೆ ವಾಲ್ವು ತೆರೆಯೋ ಕ್ಯಾಮ್ ಶಾಫ್ಟನ್ನೂ ಜೋಡಿಸೋ ಹಲ್ಲಿನ ರಬ್ಬರ್ ಪಟ್ಟಿ. ಅದನ್ನು ಯಾವಾಗ ಹಾಕಿಸಿದ್ದು ಅಂತ ಕೇಳಿದರೆ ಅಪ್ಪ, "ಹಾಕ್ಸಿದೀನಿ ಕಣೋ, ನೀನು ಪಿಯುಸಿ ಓದ್ತಿದ್ದಾಗ" ಅಂದರು. ನನ್ನ ಮಗಳೇ ಈಗ ಸ್ಕೂಲಿಗೆ ಹೋಗ್ತಾಳೆ. ಲಕ್ಷ ಕಿಲೋಮೀಟರ್ ಆಗಿಲ್ಲ ನಿಜ, ಆದರೆ ರಬ್ಬರಿಗೂ ವಯಸ್ಸಾಗುತ್ತೆ ಅಲ್ವಾ? ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೂ ವಾಲ್ವು ಪಿಸ್ಟನ್‌ಗೆ ಬಡಿಯಲ್ಲ ಅಂತ ಕೆಲವು ಮೆಕ್ಯಾನಿಕ್‌ಗಳು ಹೇಳ್ತಾರೆ. ನನ್ನ ಗಾಡಿಯಲ್ಲೇ ಅದನ್ನು ಪರೀಕ್ಷೆ ಮಾಡೋ ಆಸೆ ನನಗಿರಲಿಲ್ಲ.

ಬೆಂಗಳೂರಿಗೆ ಹೋದಾಗ ಜೆಸಿ ರಸ್ತೆಯಲ್ಲಿ ಬೆಲ್ಟ್, ಅದನ್ನು ಬಿಗಿಯಾಗಿಡೋ ಟೆನ್ಷನರ್ ಬೇರಿಂಗ್, ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್ ತಂದೆ. ಸೀಲ್ ಬಗ್ಗೆ ಜಿಪುಣತನ ಬೇಡ. ಅದು ಸೋರಿದರೆ ಆಯಿಲ್ ಕುಡಿದು ಹೊಸ ಬೆಲ್ಟೂ ಹಾಳು. ವಾಟರ್ ಪಂಪ್ ಇದರಲ್ಲಿ ಫ್ಯಾನ್ ಬೆಲ್ಟ್‌ನಿಂದ ತಿರುಗೋದು, ಟೈಮಿಂಗ್ ಬೆಲ್ಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ಅದನ್ನು ಬದಲಿಸಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಶುರು ಮಾಡಿದೆ. ಬ್ಯಾಟರಿ ಬಿಚ್ಚಿ, ಡ್ರೈವರ್ ಕಡೆ ಮುಂದಿನ ಚಕ್ರ ತೆಗೆದು, ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕ್ ನಂಬಿಕೊಂಡು ಗಾಡಿ ಕೆಳಗೆ ಕೈ ಹಾಕೋದು ಬೇಡ. ಎಸಿ ಬೆಲ್ಟ್, ಫ್ಯಾನ್ ಬೆಲ್ಟ್, ವಾಟರ್ ಪಂಪ್‌ನ ಪುಲ್ಲಿ ಬಂದವು. ಕ್ರ್ಯಾಂಕ್ ಪುಲ್ಲಿಯ ಸಣ್ಣ ಬೋಲ್ಟುಗಳು ಮಾತ್ರ ಅಲ್ಲಾಡಲಿಲ್ಲ. ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಅಪ್ಪನನ್ನು ಕೂರಿಸಿ ಬ್ರೇಕ್ ಒತ್ತಿಸಿದೆ. "ಬಿಡ್ಲಾ?" "ಬಿಡಬೇಡಪ್ಪ, ಒತ್ತು, ಒತ್ತು!" ಹೀಗೆ ಹತ್ತು ನಿಮಿಷ. ನಡುವಿನ ದೊಡ್ಡ ಬೋಲ್ಟ್ ಬಿಚ್ಚೋ ಅಗತ್ಯ ಇಲ್ಲ, ಸಣ್ಣವು ಬಂದರೆ ಪುಲ್ಲಿ ಬರುತ್ತೆ. ಆದರೆ ನನಗೆ ಕ್ರ್ಯಾಂಕ್ ಸೀಲ್ ಬದಲಿಸಬೇಕಿತ್ತು. ಅದಕ್ಕೆ ಅಪ್ಪ ಬ್ರೇಕ್ ಮೇಲಿರುವಾಗಲೇ ದೊಡ್ಡದನ್ನೂ ಸಡಿಲ ಮಾಡಿ, ಮತ್ತೆ ಸ್ವಲ್ಪ ಬಿಗಿದು ಇಟ್ಟುಕೊಂಡೆ.

ಕವರ್ ತೆಗೆದರೆ ಹಳೇ ಬೆಲ್ಟ್ ಕಂಡಿತು. ನೋಡೋಕೆ ಪರವಾಗಿಲ್ಲ. ಬೆರಳಲ್ಲಿ ಹಿಂದಕ್ಕೆ ಬಗ್ಗಿಸಿದಾಗ ಹಲ್ಲಿನ ಬುಡದಲ್ಲೆಲ್ಲ ಕೂದಲಿನಂಥ ಬಿರುಕು.

ಬಿಚ್ಚೋ ಮೊದಲು ಗುರುತು ಕೂಡಿಸಬೇಕು. ಕೆಳಗೆ ಕ್ರ್ಯಾಂಕ್ ಚಕ್ರದ ಮೇಲೆ ಚಿಕ್ಕದೊಂದು ಚುಕ್ಕೆ ಇದೆ, ಅದು ಆಯಿಲ್ ಪಂಪ್ ಮೇಲಿನ ಬಾಣದ ಎದುರು ಬರಬೇಕು. ಮೇಲೆ ಕ್ಯಾಮ್ ಚಕ್ರದ ಗುರುತು ಒಳಗಿನ ಕವರ್ ಮೇಲಿನ ವಿ ಆಕಾರದ ಕಚ್ಚಿಗೆ ಬರಬೇಕು. ಸ್ಪಾರ್ಕ್ ಪ್ಲಗ್ ತೆಗೆದು, ಗೇರ್ ನ್ಯೂಟ್ರಲ್ ಮಾಡಿ, 17ರ ಸಾಕೆಟ್ ಹಾಕಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದೆ. ಕೆಳಗಿನದು ಕೂಡಿತು, ಮೇಲಿನ ಗುರುತು ಎಲ್ಲೋ ಕೆಳಗಡೆ! ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು: ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದೇ ಸುತ್ತು. ಇನ್ನೊಂದು ಸುತ್ತು ಹಾಕಿದೆ.

ಈಗ ಮೇಲಿನ ಗುರುತು ಮೇಲೆ ಬಂತು, ಆದರೆ ವಿ ಮುಟ್ಟಲು ಇನ್ನೂ ಒಂದು ಹಲ್ಲು ಬಾಕಿ. ಬೆಲ್ಟ್ ಹಿಗ್ಗಿರಬೇಕು ಅಂದುಕೊಂಡೆ. ಮತ್ತೆ ಎರಡು ಸುತ್ತು ಹಾಕಿದೆ, ಮತ್ತೆ ಅಷ್ಟೇ. ಹಿಗ್ಗಿದ ಬೆಲ್ಟ್ ಕೂದಲೆಳೆಯಷ್ಟು ಮೋಸ ಮಾಡಬಹುದು, ಪೂರ್ತಿ ಒಂದು ಹಲ್ಲು ಮಾಡಲ್ಲ. ಅಂದರೆ ನನ್ನ ಪಿಯುಸಿ ಕಾಲದಿಂದ ಈ ಗಾಡಿ ಒಂದು ಹಲ್ಲು ಹಿಂದೆ ಓಡ್ತಾ ಇತ್ತು. ಅಂದು ಹಾಕಿದವರು ಯಾರೋ, ತಿರುಗಿಸಿ ನೋಡಿರಲಿಲ್ಲ ಅಷ್ಟೇ. ವಾಲ್ವುಗಳು ತಡವಾಗಿ ತೆರೆದು ಮುಚ್ಚೋದರಿಂದ ಎಳೆಯೋ ಶಕ್ತಿ ಕಡಿಮೆ. ದೇವರಾಯನದುರ್ಗದ ಬೆಟ್ಟ ಹತ್ತುವಾಗ ಅಪ್ಪ ಯಾವತ್ತೂ ಎಸಿ ಆಫ್ ಮಾಡ್ತಿದ್ದರು. ಚಿಕ್ಕ ಎಂಜಿನ್, ಪಾಪ, ಅಂತ ನಾವೆಲ್ಲ ಒಪ್ಪಿಕೊಂಡಿದ್ದೆವು.

ಎರಡೂ ಗುರುತಿಗೆ ವೈಟ್ನರ್ ಹಚ್ಚಿದೆ. ಎಂಜಿನ್ ಮೇಲಿನ ಮುಚ್ಚಳ, ಅಂದರೆ ರಾಕರ್ ಕವರ್ ತೆಗೆದು ವಾಲ್ವಿನ ಅಡ್ಜಸ್ಟಿಂಗ್ ಸ್ಕ್ರೂಗಳನ್ನು ಸಡಿಲ ಮಾಡಿದೆ. ಇಲ್ಲದಿದ್ದರೆ ಸ್ಪ್ರಿಂಗ್ ಒತ್ತಡಕ್ಕೆ ಕ್ಯಾಮ್ ತಾನೇ ಜಾರಿಬಿಡುತ್ತೆ. ಹಳೇ ಬೆಲ್ಟ್ ತೆಗೆದು, ಸೀಲ್ ಬದಲಿಸಿ, ಹೊಸ ಟೆನ್ಷನರ್ ಕೂರಿಸಿ, ಈ ಸಲ ಕ್ಯಾಮನ್ನು ಸರಿಯಾಗಿ ವಿ ಎದುರಿಗೇ ತಂದೆ. ಬೆಲ್ಟ್ ಹಾಕುವಾಗ ಟೆನ್ಷನರ್ ಇಲ್ಲದ ಕಡೆ ಬಿಗಿಯಾಗಿರಬೇಕು. ಸಡಿಲ ಏನಿದ್ದರೂ ಟೆನ್ಷನರ್ ಕಡೆಗೇ ಬರಲಿ. ನಾನು ಮೊದಲ ಸಲ ಉಲ್ಟಾ ಮಾಡಿ, ಅದೇ ಒಂದು ಹಲ್ಲು ತಪ್ಪಿಸಿದೆ. ಯಾರನ್ನು ಬೈದುಕೊಂಡಿದ್ದೆನೋ ಅವರ ಸಾಲಿಗೇ ನಾನೂ ಸೇರಿದೆ! ಮತ್ತೆ ತೆಗೆದು ಹಾಕಿ, ಸ್ಪ್ರಿಂಗ್ ತಾನೇ ಎಳೆಯೋಕೆ ಬಿಟ್ಟು, ಎರಡು ಸುತ್ತು ತಿರುಗಿಸಿ ಆಮೇಲೆ ಟೆನ್ಷನರ್ ಬಿಗಿದೆ. ಇನ್ನೆರಡು ಸುತ್ತು. ವೈಟ್ನರ್ ಎರಡೂ ಕಡೆ ಎದುರುಬದುರು. ವಾಲ್ವ್ ಗ್ಯಾಪ್ ಫೀಲರ್ ಗೇಜ್‌ನಲ್ಲಿ ಸೆಟ್ ಮಾಡೋ ಹೊತ್ತಿಗೆ ಸಂಜೆ ಆಗಿತ್ತು.

ಸ್ಟಾರ್ಟ್ ಆಯಿತು, ಆದರೆ ಆಕ್ಸಿಲರೇಟರ್ ಒತ್ತಿದರೆ ಟಣಟಣ ಸದ್ದು. ಕಾರಣ ಹೊಳೆಯೋಕೆ ಅರ್ಧ ಗಂಟೆ ಬೇಕಾಯಿತು. ಈ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿ ಪ್ರಕಾರ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ತಿರುಗೋದು ಕ್ಯಾಮ್ ಶಾಫ್ಟ್‌ನ ತುದಿಯಿಂದಲೇ. ಕ್ಯಾಮ್ ಹಿಂದಿದ್ದಾಗ ಯಾರೋ ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ ತಿರುಗಿಸಿ ಸರಿದೂಗಿಸಿದ್ದರು. ಈಗ ಕ್ಯಾಮ್ ಸರಿಯಾಗಿದೆ, ಕಿಡಿ ಬೇಗ ಬೀಳ್ತಿದೆ. ಮರುದಿನ ಪಕ್ಕದ ಬೀದಿಯ ಮೆಕ್ಯಾನಿಕ್ ಹತ್ತಿರ ಟೈಮಿಂಗ್ ಲೈಟ್ ಹಿಡಿಸಿ ಇಗ್ನಿಷನ್ ಸರಿಮಾಡಿಸಿದೆ.

ಮುಂದಿನ ವಾರ ದೇವರಾಯನದುರ್ಗಕ್ಕೆ ಹೋದೆವು. ಮೊದಲು ಫಸ್ಟ್ ಗೇರಿಗೆ ಇಳಿಸಬೇಕಿದ್ದ ತಿರುವನ್ನು ಸೆಕೆಂಡ್‌ನಲ್ಲೇ ಹತ್ತಿತು. ಪಕ್ಕದಲ್ಲಿದ್ದ ಅಪ್ಪ ಹಳೇ ಅಭ್ಯಾಸಕ್ಕೆ ಎಸಿ ಸ್ವಿಚ್ ಮೇಲೆ ಬೆರಳಿಟ್ಟಿದ್ದರು. "ಇರ್ಲಿ ಬಿಡಪ್ಪ" ಅಂದೆ.