ಬದುವಿನ ಸೊಪ್ಪು ನಂಬಿ ಮೇಕೆ ಸಾಕಿದ ನನ್ನ ಅನುಭವ

ಮೇಕೆ ಸಾಕಬೇಕು ಅಂತ ಬರುವವರು ಮೊದಲು ಕೇಳುವುದು ಹಿಂಡಿ ಯಾವುದು ಹಾಕ್ತೀರಿ ಅಂತ. ಹಿಂಡಿ ಆಮೇಲೆ, ಮೊದಲು ನಿಮ್ಮ ಹೊಲದ ಬದುವಿನಲ್ಲಿ ಏನಿದೆ ನೋಡಿ ಅಂತೀನಿ ನಾನು. ನಮ್ಮದು ಶಿರಾ ಕಡೆಯ ಒಣ ಭೂಮಿ. ಬದುವಿನುದ್ದಕ್ಕೂ ಸುಬಾಬುಲ್, ಗ್ಲಿರಿಸಿಡಿಯಾ, ಅಗಸೆ, ನುಗ್ಗೆ ಮರಗಳನ್ನು ಹಾಕಿದ್ದೇನೆ. ಜಾಲಿ, ಎಲಚಿ ತಾವಾಗೇ ಬಂದಿವೆ. ಹಿಂಡಿ ಕೊಡುವುದು ಮರಿಗೆ ಹಾಲುಣಿಸುವ ಮೇಕೆಗೆ, ತುಂಬು ಗಬ್ಬದ ಮೇಕೆಗೆ, ಅಷ್ಟೇ.

ಸೊಪ್ಪಿನ ಮೇಲೆ ಇಷ್ಟು ನಂಬಿಕೆ ಸುಮ್ನೆ ಬಂದಿದ್ದಲ್ಲ. ಒಣಗಿಸಿ ಲೆಕ್ಕ ಹಾಕಿದರೆ ರಾಗಿ ಹುಲ್ಲಿನಲ್ಲಿ ಪ್ರೋಟೀನ್ ಶೇ 3ರಿಂದ 4ರಷ್ಟು ಇರುತ್ತದೆ. ಸುಬಾಬುಲ್, ಗ್ಲಿರಿಸಿಡಿಯಾ, ನುಗ್ಗೆ ಸೊಪ್ಪುಗಳಲ್ಲಿ ಅದು ಶೇ 20ರಿಂದ 25ರ ಆಸುಪಾಸು. ಬಲಿತ ಸೊಪ್ಪಿನಲ್ಲಿ ಕಡಿಮೆ, ಎಳೆಯದರಲ್ಲಿ ಜಾಸ್ತಿ. ಹಿಪ್ಪುನೇರಳೆಯೂ ಒಳ್ಳೆಯದೇ, ಸುಲಭವಾಗಿ ಜೀರ್ಣವಾಗುತ್ತದೆ. ಆದರೆ ರೇಷ್ಮೆ ಮನೆಯಿಂದ ತರುವ ಉಳಿಕೆ ಸೊಪ್ಪಾದರೆ ಔಷಧಿ ಹೊಡೆದಿದ್ದಾರಾ ಅಂತ ಕೇಳಿಯೇ ತರಬೇಕು.

ಇಷ್ಟಕ್ಕೇ ಖುಷಿಪಡುವ ಹಾಗಿಲ್ಲ. ಸೊಪ್ಪಿನಲ್ಲಿ ಇರುವುದೆಲ್ಲ ಮೇಕೆಗೆ ಸಿಗುತ್ತದೆ ಅಂತೇನಿಲ್ಲ. ಜಾಲಿ, ಎಲಚಿ, ಹಲಸಿನ ಸೊಪ್ಪನ್ನು ಅಗಿದು ನೋಡಿ, ಬಾಯೆಲ್ಲ ಒಗರು. ಆ ಒಗರೇ ಟ್ಯಾನಿನ್. ಅದು ಹೊಟ್ಟೆಯಲ್ಲಿ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಹದವಾಗಿದ್ದರೆ ಲಾಭವೇ, ಏಕೆಂದರೆ ಮೇವು ಮೊದಲು ಸೇರುವ ದೊಡ್ಡ ಹೊಟ್ಟೆಯಲ್ಲೇ ಕರಗಿಹೋಗುತ್ತಿದ್ದ ಪ್ರೋಟೀನ್ ಮುಂದೆ ಸಣ್ಣ ಕರುಳಿನವರೆಗೆ ಉಳಿದುಕೊಂಡು ಹೋಗುತ್ತದೆ, ಜಂತುಹುಳಕ್ಕೂ ಸ್ವಲ್ಪ ಕಡಿವಾಣ ಬೀಳುತ್ತದೆ. ಮಿತಿ ಮೀರಿದರೆ ಮಾತ್ರ ಅದೇ ಪ್ರೋಟೀನ್ ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ, ಮೇಕೆ ಮೇವೂ ಕಡಿಮೆ ತಿನ್ನುತ್ತದೆ. ಹಾಗಾಗಿ ಒಗರು ಸೊಪ್ಪನ್ನು ಒಗರಿಲ್ಲದ ಅಗಸೆ, ನುಗ್ಗೆ ಜೊತೆ ಬೆರೆಸಿಯೇ ಕಟ್ಟುತ್ತೇನೆ. ಅಡವಿಗೆ ಬಿಟ್ಟ ಮೇಕೆಯನ್ನು ನೋಡಿದ್ದೀರಲ್ವಾ? ಒಂದೇ ಗಿಡದ ಹತ್ತಿರ ನಿಲ್ಲುವುದಿಲ್ಲ, ಇದೊಂದು ಬಾಯಿ ಅದೊಂದು ಬಾಯಿ ಕಚ್ಚುತ್ತಾ ಹೋಗುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿದ ಮೇಲೆ ಆ ಕೆಲಸ ನಮ್ಮದು.

ಸುಬಾಬುಲ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಅದರಲ್ಲಿ ಮಿಮೋಸಿನ್ ಅನ್ನುವ ವಿಷದ ಅಂಶ ಇದೆ. ಬರೀ ಅದನ್ನೇ ಹಾಕುತ್ತಾ ಹೋದರೆ ಕೂದಲು ಉದುರಬಹುದು, ಥೈರಾಯ್ಡ್ ಗ್ರಂಥಿ ಊದಿಕೊಳ್ಳಬಹುದು. ನಾನು ಒಟ್ಟು ಮೇವಿನ ಮೂರನೇ ಒಂದು ಭಾಗ ದಾಟಿಸುವುದಿಲ್ಲ. ಗ್ಲಿರಿಸಿಡಿಯಾ ಕಥೆ ಬೇರೆ, ವಾಸನೆಗೇ ಮೇಕೆ ಮೂಗು ತಿರುಗಿಸುತ್ತದೆ. ಬೆಳಿಗ್ಗೆ ಕಡಿದು ಸಂಜೆವರೆಗೆ ಬಾಡಿಸಿ, ಅವು ಇಷ್ಟಪಡುವ ಸೊಪ್ಪಿನ ಜೊತೆ ಸ್ವಲ್ಪ ಸ್ವಲ್ಪ ಸೇರಿಸಿದರೆ ರೂಢಿಯಾಗುತ್ತದೆ. ಲಂಟಾನ, ಕಣಗಿಲೆ ಮಾತ್ರ ಕೊಟ್ಟಿಗೆ ಹತ್ತಿರವೂ ಬರಬಾರದು. ಲಂಟಾನ ಲಿವರ್ ಕೆಡಿಸುತ್ತದೆ, ಕಣಗಿಲೆ ಜೀವಕ್ಕೇ ಅಪಾಯ.

ಪ್ರಮಾಣಕ್ಕೆ ಬಂದರೆ, 30 ಕೆಜಿ ತೂಗುವ ಮೇಕೆಗೆ ದಿನಕ್ಕೆ ಸುಮಾರು 1 ಕೆಜಿ ಒಣ ಲೆಕ್ಕದ ಮೇವು ಬೇಕು. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಭಾಗ ನೀರೇ, ಹಾಗಾಗಿ ಬರೀ ಸೊಪ್ಪಿನಲ್ಲೇ ಹೊಟ್ಟೆ ತುಂಬಿಸಲು ಹೋದರೆ 4 ಕೆಜಿ ಹತ್ತಿರ ಬೇಕಾಗುತ್ತದೆ. ನಾನು ಅರ್ಧ ಹೊಟ್ಟೆಗೆ ರಾಗಿ ಹುಲ್ಲು, ತೊಗರಿ ಹೊಟ್ಟು ಕೊಡುತ್ತೇನೆ, ಉಳಿದರ್ಧಕ್ಕೆ ಸೊಪ್ಪು. ಈ ಸೊಪ್ಪುಗಳಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಚೆನ್ನಾಗಿದೆ, ರಂಜಕ (ಫಾಸ್ಫರಸ್) ಕಡಿಮೆ. ಅದಕ್ಕೆ ಒಂದು ಹಿಡಿ ಗೋಧಿ ಬೂಸಾ. ಸೊಪ್ಪನ್ನು ನೆಲಕ್ಕೆ ಹಾಕಬೇಡಿ, ಕಟ್ಟು ಮಾಡಿ ತೂಗು ಹಾಕಿ. ತುಳಿದಿದ್ದನ್ನು ಮೇಕೆ ಮುಟ್ಟುವುದಿಲ್ಲ, ನೆಲದಿಂದ ಜಂತುಹುಳವೂ ಹತ್ತುತ್ತದೆ.

ಬೇಸಿಗೆಗೆ ಅಂತ ಮಳೆಗಾಲ ಮುಗಿಯುವಾಗಲೇ ಸುಬಾಬುಲ್ ಕೊಂಬೆಗಳನ್ನು ಕಡಿದು ನೆರಳಲ್ಲಿ ಒಣಗಿಸುತ್ತೇನೆ. ಒಣಗಿದ ಮೇಲೆ ಬಡಿದರೆ ಎಲೆಯೆಲ್ಲ ಉದುರುತ್ತದೆ. ಚೀಲಕ್ಕೆ ತುಂಬಿ ಬೂಷ್ಟು ಹಿಡಿಯದ ಹಾಗೆ ಅಟ್ಟಕ್ಕೆ ಹಾಕಿಟ್ಟರೆ, ಮಾರ್ಚ್ ಏಪ್ರಿಲ್‌ನಲ್ಲಿ ಬದು ಬೋಳಾದಾಗ ಒಣ ಹುಲ್ಲಿಗೆ ಬೆರೆಸಿ ಹಾಕಬಹುದು. ಒಣಗಿಸಿದರೆ ಮಿಮೋಸಿನ್ ಪೂರ್ತಿ ಹೋಗುವುದಿಲ್ಲ, ಆಗಲೂ ಮೂರನೇ ಒಂದು ಭಾಗದ ಲೆಕ್ಕವೇ.