ಕಾನೋದ ಪೋಲಿಯೊ ವದಂತಿಯನ್ನು ಪ್ರಬಂಧಕ್ಕೆ ಇಳಿಸಿದ ಬಗೆ

'ಮುಸ್ಲಿಂ ಸಮಾಜಗಳಲ್ಲಿ ಪಿತೂರಿ ಸಿದ್ಧಾಂತ ಮತ್ತು ಮಾಧ್ಯಮ' ಎಂಬಷ್ಟು ಅಗಲದ ವಿಷಯ ಇಟ್ಟುಕೊಂಡು ಎಂ.ಎ. ಪ್ರಬಂಧ ಮುಗಿಯುವುದಿಲ್ಲ. ಒಂದು ಊರು, ಒಂದು ವದಂತಿ, ಒಂದು ಕಾಲಾವಧಿ ಸಾಕು. ನಾನು ಹಿಡಿದದ್ದು ಉತ್ತರ ನೈಜೀರಿಯಾದ ಕಾನೋ. 2003ರಲ್ಲಿ ಆ ರಾಜ್ಯ ಪೋಲಿಯೊ ಹನಿಯನ್ನೇ ನಿಲ್ಲಿಸಿತು. ಹನಿಯಲ್ಲಿ ಬಂಜೆತನ ತರುವ ಮದ್ದಿದೆ, ಎಚ್‌ಐವಿ ಇದೆ, ಇದೆಲ್ಲ ಅಮೆರಿಕದ ಸಂಚು ಎಂಬ ಮಾತು ಹಬ್ಬಿತ್ತು.

ಕಾಲಾನುಕ್ರಮಣಿಕೆಯನ್ನು 2003ರಿಂದ ಶುರು ಮಾಡಿದರೆ ಜನ ಮೂಢರಂತೆ ಕಾಣುತ್ತಾರೆ. 1996ರಿಂದ ಶುರು ಮಾಡಿ. ಆ ವರ್ಷ ಕಾನೋದಲ್ಲಿ ಮಿದುಳುಪೊರೆಯ ಜ್ವರ ಹರಡಿದ್ದಾಗ ಅಮೆರಿಕದ ಫೈಜರ್ ಕಂಪನಿ ಟ್ರೋವಾನ್ ಎಂಬ ಔಷಧದ ಪ್ರಯೋಗ ನಡೆಸಿತು. ಅದರಲ್ಲಿದ್ದದ್ದು ಸುಮಾರು 200 ಮಕ್ಕಳು, ಅರ್ಧದಷ್ಟು ಮಂದಿಗೆ ಹೊಸ ಔಷಧ, ಉಳಿದವರಿಗೆ ಬಳಕೆಯಲ್ಲಿದ್ದ ಔಷಧ. ಹನ್ನೊಂದು ಮಕ್ಕಳು ತೀರಿಕೊಂಡರು. ಸಾವಿಗೆ ಕಾರಣ ಔಷಧವೋ ರೋಗವೋ ಎಂಬ ವಾದ ಬೇರೆ, ತಂದೆತಾಯಿಯರ ಒಪ್ಪಿಗೆ ಪಡೆದಿದ್ದರೇ ಎಂಬ ಪ್ರಶ್ನೆ ಬೇರೆ; ಎರಡಕ್ಕೂ ಪ್ರತ್ಯೇಕ ಸಾಲು ಕೊಡಿ. 2000ದ ಕೊನೆಗೆ ಇದು ಅಮೆರಿಕದ ಪತ್ರಿಕೆಯಲ್ಲೇ ಬಯಲಾಯಿತು. ಅಂದರೆ ಹನಿಯ ವದಂತಿ ಹುಟ್ಟುವ ಮೊದಲೇ ಅದು ನೇತುಬೀಳುವ ಗೂಟ ಸಿದ್ಧವಿತ್ತು.

ದತ್ತಾಂಶಕ್ಕೆ ಮಾಮೂಲಿ ಸ್ಪ್ರೆಡ್‌ಶೀಟ್ ಸಾಕು. ಒಂದು ವರದಿಯಲ್ಲಿ ಮೂರು ಆರೋಪವಿದ್ದರೆ ಮೂರು ಸಾಲು. ಅಂಕಣಗಳು ಇವು: ದಿನಾಂಕ, ಮಾಧ್ಯಮ, ಭಾಷೆ, ಹೇಳಿದವರು, ಆರೋಪ, ಕೊಟ್ಟ ಪುರಾವೆ, ಯಾರ ಕೈವಾಡ, ಏನು ಮಾಡಿರೆಂಬ ಕರೆ, ಸಮರ್ಥನೆಯೋ ನಿರಾಕರಣೆಯೋ. ಈ ಕೊನೆಯ ಅಂಕಣ ಇಲ್ಲದಿದ್ದರೆ 'ಹನಿ ಸುರಕ್ಷಿತ' ಎಂಬ ಸರ್ಕಾರಿ ಹೇಳಿಕೆಯೂ ವದಂತಿಯ ಲೆಕ್ಕಕ್ಕೆ ಸೇರಿಹೋಗುತ್ತದೆ. 'ಹೇಳಿದವರು' ಅಂಕಣದಲ್ಲಿ ವೃತ್ತಿಯನ್ನೂ ಬರೆಯಿರಿ. ಹನಿಯ ಬಹಿಷ್ಕಾರದ ಮುಂಚೂಣಿಯಲ್ಲಿದ್ದ, ನೈಜೀರಿಯಾದ ಶರಿಯಾ ಪರಿಷತ್ತಿನ ಆಗಿನ ಅಧ್ಯಕ್ಷ ದತ್ತಿ ಅಹ್ಮದ್ ಸ್ವತಃ ವೈದ್ಯರಾಗಿದ್ದರು. 'ಧಾರ್ಮಿಕ ಮುಖಂಡ' ಎಂದಷ್ಟೇ ಬರೆದರೆ ಆ ಮಾತಿಗೆ ತೂಕ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಸಾಲುಗಳ ಹತ್ತರಲ್ಲಿ ಒಂದು ಪಾಲನ್ನು ಇನ್ನೊಬ್ಬರಿಂದ ಪ್ರತ್ಯೇಕವಾಗಿ ತುಂಬಿಸಿ ಕಪ್ಪಾ ಅಂಕ ನೋಡಿ; ಇಬ್ಬರು ತುಂಬಿದ್ದು ಆಕಸ್ಮಿಕ ಹೊಂದಾಣಿಕೆಯನ್ನು ಮೀರಿ ಎಷ್ಟು ತಾಳೆಯಾಗುತ್ತದೆ ಎಂಬುದರ ಅಳತೆ ಅದು. 0.7ಕ್ಕಿಂತ ಕೆಳಗಿದ್ದರೆ ಅಂಕಣದ ವ್ಯಾಖ್ಯೆ ಸಡಿಲವಾಗಿದೆ ಎಂದರ್ಥ. ಹೆಚ್ಚಾಗಿ ಕೈಕೊಡುವುದು 'ಯಾರ ಕೈವಾಡ'. ಮಾತಾಡುವವರು 'ಅವರು' ಎಂದು ನಿಲ್ಲಿಸಿರುತ್ತಾರೆ, ಓದುವವರು ಅಮೆರಿಕ ಎಂದು ತುಂಬಿಕೊಳ್ಳುತ್ತಾರೆ. 'ಹೆಸರಿಲ್ಲ' ಎಂಬ ಆಯ್ಕೆ ಕೊಟ್ಟರೆ ಗೊಂದಲ ಕಡಿಮೆಯಾಗುತ್ತದೆ.

ದೊಡ್ಡ ತೊಡಕು ರೇಡಿಯೊ. ಕೈಗೆ ಸಿಗುವುದು ಇಂಗ್ಲಿಷ್ ಪತ್ರಿಕೆ, ಆದರೆ ಜನ ಕೇಳಿದ್ದು ಅಲ್ಲಿನ ಹೌಸಾ ಭಾಷೆಯ ರೇಡಿಯೊ ಮತ್ತು ಮಸೀದಿಯ ಪ್ರವಚನ. ಹಾಗಾಗಿ ಪತ್ರಿಕೆಯ ಎಣಿಕೆಯನ್ನು ಜನಾಭಿಪ್ರಾಯ ಎಂದು ಕರೆಯಬೇಡಿ. ಧ್ವನಿಮುದ್ರಣ ಸಿಕ್ಕರೆ, ಒಂದು ಗಂಟೆಯದನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಅನುವಾದದ ಸಮಯ ಬೇರೆ. ಸಿದ್ಧ ಅನುವಾದ ಕೊಡುವ ಸಂಸ್ಥೆಗಳ ಸಂಗ್ರಹಗಳೂ ಇವೆ. ಅವು ಆರಿಸಿಟ್ಟ ತುಣುಕುಗಳು, ಉಗ್ರವಾದದ್ದೇ ಹೆಚ್ಚು. ಉದಾಹರಣೆಗೆ ಬಳಸಿ, ಎಣಿಕೆಗೆ ಬೇಡ.

ಇನ್ನು 'ಇಸ್ಲಾಮೇ ಕಾರಣ' ಎಂಬ ವಿವರಣೆ. ಇದನ್ನು ಪರೀಕ್ಷಿಸದೆ ಬರೆಯುವ ಪ್ರಬಂಧಗಳು ನನಗೆ ಸೋಮಾರಿತನವಾಗಿ ಕಾಣುತ್ತವೆ. 2004ರಲ್ಲಿ ಕಾನೋ ಮತ್ತೆ ಹನಿ ಹಾಕಲು ಒಪ್ಪಿದ್ದು ಇಂಡೋನೇಷ್ಯಾದ ಲಸಿಕೆ ತರಿಸಿಕೊಂಡು. ಅಂದರೆ ತಕರಾರು ಲಸಿಕೆಗಿಂತ ಅದು ಬಂದ ಕೈಯ ಮೇಲಿತ್ತು. ಹೋಲಿಕೆಗೆ ಮುಸ್ಲಿಮೇತರ ಪ್ರಕರಣವೊಂದನ್ನು ಸೇರಿಸಿ. 2014ರಲ್ಲಿ ಕೆನ್ಯಾದ ಕ್ಯಾಥೊಲಿಕ್ ಬಿಷಪ್‌ಗಳು ಧನುರ್ವಾಯು ಲಸಿಕೆಯ ಮೇಲೆ ಇದೇ ಬಂಜೆತನದ ಆರೋಪ ಹೊರಿಸಿದ್ದರು. ಅದೇ ಅಂಕಣಗಳಲ್ಲಿ ಅದನ್ನೂ ತುಂಬಿ, ಎರಡೂ ಹಾಳೆಗಳ 'ಕೊಟ್ಟ ಪುರಾವೆ' ಅಂಕಣವನ್ನು ಪಕ್ಕಪಕ್ಕ ಇಟ್ಟು ಓದಿ.